ಹಿಜಾಬ್ ಧರಿಸುವ ವಿದ್ಯಾರ್ಥಿನಿ ಮತ್ತು ಕನ್ನಡ ಮಾಧ್ಯಮದ ಶಿಕ್ಷಕ



ಮಿರಜ ಜಂಕ್ಷನ್ನಿನಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ, ತಲೆಯನ್ನು ವಸ್ತ್ರದಿಂದ ಮುಚ್ಚಿಕೊಂಡ ಹೆಣ್ಣುಮಕ್ಕಳು ಹಲವು ಬಗೆಯಲ್ಲಿ ಕಣ್ಣಿಗೆ ಬೀಳುತ್ತಾರೆ. ಉಗಾರ, ಅಥಣಿಗಳ ಕಡೆಯಿಂದ ದವಾಖಾನೆಗೆಂದು ಬಂದ ಕನ್ನಡದ ಅಜ್ಜಿ ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದಿರುತ್ತಾಳೆ. ಮರಾಠಿ ಮನೆಯ ಸೊಸೆ ಮಾವನವರ ಎದುರಿನಲ್ಲಿ ಪದರನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಸ್ಕೂಟರ್ ನಿಲ್ಲಿಸಿ ಬಂದ ಕಾಲೇಜು ವಿದ್ಯಾರ್ಥಿನಿ ಬಿಸಿಲು ಧೂಳುಗಳಿಗೆ ಅಂಜಿ ಕಣ್ಣುಗಳಷ್ಟೇ ಕಾಣುವಂತೆ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿಕೊಂಡಿರುತ್ತಾಳೆ. ಅವರ ನಡುವೆಯೇ ಬುರ್ಖಾ ತೊಟ್ಟ ತಾಯಿ, ಹಿಜಾಬ್ ಧರಿಸಿದ ಮಗಳು ನಿಂತಿರುತ್ತಾರೆ. ಮೊದಲಿನ ಮೂವರನ್ನು ತಲೆ ಏಕೆ ಮುಚ್ಚಿಕೊಂಡಿರುವಿರಿ ಎಂದು ಯಾರೂ ಕೇಳುವುದಿಲ್ಲ. ಅರ್ಥವನ್ನು ಹೇಳಬೇಕಾದ ಹೊಣೆ ಕೊನೆಯ ಇಬ್ಬರ ಮೇಲೆಯೇ ಬೀಳುತ್ತದೆ. ಬಹಳ ಸಲ ಅವರು ಹೇಳುವುದಕ್ಕೆ ಮುಂಚೆಯೇ ನೋಡುವವರು ಅರ್ಥವನ್ನು ನಿಶ್ಚಯಿಸಿಬಿಟ್ಟಿರುತ್ತಾರೆ.

ಹಿಜಾಬ್ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಈ ಉಪನ್ಯಾಸದ ಉದ್ದೇಶವಲ್ಲ. ಸಾಂಗಲಿ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ವಿಶೇಷವಾಗಿ ಜತ್ತ ತಾಲೂಕಿನ ಹಳ್ಳಿಗಳಲ್ಲಿ, ಮನೆಯಲ್ಲಿ ದಖನಿ ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ಮುಸ್ಲಿಂ ಬಾಲಕಿಯರಿದ್ದಾರೆ. ಅವರಲ್ಲಿ ಒಬ್ಬಳು ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಒಂದು ದಿನ ತಲೆಗೆ ವಸ್ತ್ರ ಸುತ್ತಿಕೊಂಡು ಬಂದಾಗ ಶಿಕ್ಷಕರು ಏನನ್ನು ತಿಳಿದಿರಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮುಖವನ್ನು ಬಿಟ್ಟು ಕೂದಲು ಮತ್ತು ಕುತ್ತಿಗೆಯನ್ನು ಮುಚ್ಚುವ ವಸ್ತ್ರಕ್ಕೆ ಇಂದು ಹಿಜಾಬ್ ಎನ್ನುತ್ತಾರೆ. ಮುಖವನ್ನು ಮುಚ್ಚುವುದು ನಿಖಾಬ್. ಮೈಯೆಲ್ಲವನ್ನೂ ಆವರಿಸುವ ಮೇಲುಡುಪು ಬುರ್ಖಾ. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದ ಅನೇಕ ವಾದಗಳು ದಾರಿ ತಪ್ಪುತ್ತವೆ. ಕುರ್‌ಆನಿನಲ್ಲಿ ಹಿಜಾಬ್ ಎಂಬ ಶಬ್ದಕ್ಕೆ ತೆರೆ ಅಥವಾ ಮರೆ ಎಂಬ ಅರ್ಥವಿದೆ. ಉಡುಪಿನ ಪ್ರಸ್ತಾಪ ಬರುವ ಕಡೆಗಳಲ್ಲಿ ಖಿಮಾರ್ ಮತ್ತು ಜಿಲ್‌ಬಾಬ್ ಎಂಬ ಬೇರೆ ಶಬ್ದಗಳು ಬರುತ್ತವೆ. 24ನೆಯ ಅಧ್ಯಾಯದ 31ನೆಯ ವಚನ ಮಹಿಳೆಯರ ಹೊದಿಕೆಯನ್ನು ಕುರಿತದ್ದು. ಅದರ ಹಿಂದಿನ 30ನೆಯ ವಚನ ಪುರುಷರನ್ನು ಉದ್ದೇಶಿಸಿ, ಅವರು ದೃಷ್ಟಿಯನ್ನು ತಗ್ಗಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಪರಂಪರಾಗತ ಧರ್ಮಶಾಸ್ತ್ರಜ್ಞರು ವಯಸ್ಕ ಮಹಿಳೆ ತಲೆ ಮುಚ್ಚುವುದನ್ನು ಕಡ್ಡಾಯವೆಂದೇ ಪರಿಗಣಿಸಿದ್ದಾರೆ. ವಚನದ ತಿರುಳು ಮರ್ಯಾದೆಯ ನಡತೆಯೇ ಹೊರತು ನಿರ್ದಿಷ್ಟ ವಸ್ತ್ರವಲ್ಲ ಎಂದು ಆಧುನಿಕ ಕಾಲದ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಧರ್ಮದ ಒಳಗೇ ಚರ್ಚೆಯಿರುವ ವಿಷಯದಲ್ಲಿ ಶಿಕ್ಷಕರು ತೀರ್ಪುಗಾರರಾಗಬೇಕಾದ ಅಗತ್ಯವಿಲ್ಲ.

ಆದರೆ ಆ ಬಾಲಕಿಗೆ ಅದರ ಅರ್ಥವೇನು? ಇದಕ್ಕೆ ಒಂದೇ ಉತ್ತರವಿಲ್ಲ ಎಂಬುದೇ ಶಿಕ್ಷಕರು ತಿಳಿಯಬೇಕಾದ ಮೊದಲ ಸಂಗತಿ.

ಕೆಲವರಿಗೆ ಅದು ಶುದ್ಧವಾಗಿ ಭಕ್ತಿಯ ವಿಷಯ. ದೇವರು ಹೇಳಿದ್ದಾನೆ, ಆದ್ದರಿಂದ ಧರಿಸುತ್ತೇನೆ ಎಂಬ ನಂಬಿಕೆಯಿಂದ ಅವಳು ಧರಿಸುತ್ತಾಳೆ. ಜನಿವಾರ, ಇಷ್ಟಲಿಂಗ, ಪಗಡಿ, ಶಿಲುಬೆಗಳನ್ನು ಧರಿಸುವವರ ಮನಸ್ಸನ್ನು ಬಲ್ಲ ಸಮಾಜಕ್ಕೆ ಇದನ್ನು ತಿಳಿಯುವುದು ಕಷ್ಟವಾಗಬಾರದು. ಕೆಲವರಿಗೆ ಅದು ಮನೆಯ ರೂಢಿ. ಜತ್ತ, ಕವಠೇ ಮಹಾಂಕಾಳಗಳ ಹೊಲಗಳಲ್ಲಿ ಕಳೆ ತೆಗೆಯುವ ಮುಸ್ಲಿಂ ರೈತ ಮಹಿಳೆ ಸೀರೆಯನ್ನೇ ಉಟ್ಟು, ಲಿಂಗಾಯತ ಮತ್ತು ಮರಾಠಾ ಮಹಿಳೆಯರಂತೆಯೇ ಸೆರಗನ್ನು ತಲೆಗೆ ಹೊದ್ದಿರುತ್ತಾಳೆ. ಅವಳ ಮೊಮ್ಮಗಳು ಮಿರಜಿನ ಕಾಲೇಜಿಗೆ ಹೋಗುವಾಗ ಪಿನ್ನು ಹಾಕಿದ ಹಿಜಾಬ್ ಧರಿಸುತ್ತಾಳೆ. ಅಜ್ಜಿಯ ಸೆರಗು ಮೊಮ್ಮಗಳ ಕಾಲಕ್ಕೆ ರೂಪ ಬದಲಿಸಿದೆ. ಸೆರಗನ್ನು ಸಂಸ್ಕೃತಿಯೆಂದೂ ಹಿಜಾಬನ್ನು ಬಂಧನವೆಂದೂ ಕರೆಯುವ ಮೊದಲು ಈ ಸಂಬಂಧವನ್ನು ಯೋಚಿಸಬೇಕು. ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿಯಿರುವ ಮಿರಜಿನ ಮೀರಾಸಾಹೇಬ ದರ್ಗಾದ ಅಂಗಳದಲ್ಲಿ ಎಲ್ಲ ಧರ್ಮದ ಹೆಣ್ಣುಮಕ್ಕಳೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನು ಶಿಕ್ಷಕರು ನೋಡಿಯೇ ಇರುತ್ತಾರೆ.

ಕೆಲವರಿಗೆ ಅದು ಹೊರಗೆ ಹೋಗಲು ದೊರೆತ ಅನುಮತಿ. ಊರಿನ ಶಾಲೆ ಮುಗಿದ ಮೇಲೆ ಮುಂದಿನ ಓದಿಗಾಗಿ ಬಸ್ಸು ಹಿಡಿದು ತಾಲೂಕಿನ ಊರಿಗೆ ಹೋಗಬೇಕು. ದಾರಿಯ ಭಯ, ನೆಂಟರ ಮಾತು, ಮದುವೆಯ ಅವಸರ, ಇವೆಲ್ಲದರ ನಡುವೆ ತಂದೆಯೊಬ್ಬ ಹಿಜಾಬ್ ಧರಿಸಿ ಹೋಗುವುದಾದರೆ ಓದಲಿ ಎಂದು ಒಪ್ಪಿರುತ್ತಾನೆ. ಆ ಬಾಲಕಿಯ ಪಾಲಿಗೆ ಆ ವಸ್ತ್ರವೇ ಬಸ್ಸಿನ ಪಾಸು. ಅದನ್ನು ಶಾಲೆಯ ಬಾಗಿಲಿನಲ್ಲಿ ತೆಗೆಯಿರಿ ಎಂದರೆ ಕೆಲವು ಮನೆಗಳಲ್ಲಿ ವಸ್ತ್ರದ ಜೊತೆಗೆ ಶಾಲೆಯೂ ತಪ್ಪಿಹೋಗುತ್ತದೆ.

ಕೆಲವರಿಗೆ ಅದು ಗುರುತು. 2009ರ ಸೆಪ್ಟೆಂಬರಿನಲ್ಲಿ ಗಣೇಶೋತ್ಸವದ ಕಮಾನಿನ ಚಿತ್ರವೊಂದರ ನಿಮಿತ್ತವಾಗಿ ಮಿರಜಿನಲ್ಲಿ ಗಲಭೆ ನಡೆದು ಸಂಚಾರಬಂದಿ ಹೇರಬೇಕಾಯಿತು. ಅಂಥ ದಿನಗಳ ನಂತರ ಉಡುಪು ಬರಿಯ ಉಡುಪಾಗಿ ಉಳಿಯುವುದಿಲ್ಲ. ಕೆಲವರು ಅಂಜಿ ಅದನ್ನು ತೆಗೆದಿಡುತ್ತಾರೆ. ಮತ್ತೆ ಕೆಲವರು ಮೊದಲು ಧರಿಸದಿದ್ದವರೂ, ತಮ್ಮನ್ನು ಅಳಿಸಲಾಗದು ಎಂದು ತೋರಿಸಲು, ಧರಿಸತೊಡಗುತ್ತಾರೆ. ಇನ್ನು ಕೆಲವು ಬಾಲಕಿಯರಿಗೆ ಅದು ಗೆಳತಿಯರು ಧರಿಸುವುದರಿಂದ ಬಂದ ಅಭ್ಯಾಸ. ಬಣ್ಣ, ಪಿನ್ನು, ಸುತ್ತುವ ಬಗೆಗಳಲ್ಲಿ ಅವರಿಗೆ ಆ ವಯಸ್ಸಿಗೆ ಸಹಜವಾದ ಆಸಕ್ತಿ ಇರುತ್ತದೆ.

ಕಡೆಯದಾಗಿ, ಕೆಲವರಿಗೆ ಅದು ಬಲವಂತ. ಇದನ್ನು ಮರೆಮಾಚಬಾರದು. ಬೇಡವೆಂದರೂ ಹೊದಿಸಲ್ಪಟ್ಟ ಬಾಲಕಿಯರಿದ್ದಾರೆ. ಧರಿಸದಿದ್ದರೆ ಬೈಗುಳ ಕೇಳುವವರಿದ್ದಾರೆ. ಹಾಗೆಯೇ ಹಿಜಾಬ್ ಧರಿಸದೆ, ತಾವು ಯಾರಿಗೂ ಕಡಿಮೆಯಲ್ಲದ ಮುಸ್ಲಿಮರೆಂದು ನಂಬಿ ನಮಾಜು ಮಾಡಿ ಬಾಳುವ ಮಹಿಳೆಯರೂ ಬಹಳ ಮಂದಿ ಇದ್ದಾರೆ. ಧರಿಸಿದವಳನ್ನು ಮೂಢಳೆಂದೂ ಧರಿಸದವಳನ್ನು ಧರ್ಮಭ್ರಷ್ಟಳೆಂದೂ ಕರೆಯುವ ಎರಡು ಧ್ವನಿಗಳಿಗೆ ಒಂದು ಸಾಮ್ಯವಿದೆ. ಎರಡೂ ಅವಳನ್ನು ಕೇಳದೆಯೇ ಮಾತನಾಡುತ್ತವೆ.

ಬಲವಂತ ಎರಡು ದಿಕ್ಕಿನಿಂದಲೂ ಬರಬಹುದು ಎಂಬುದಕ್ಕೆ ಇರಾನಿನ ಇತಿಹಾಸ ಒಳ್ಳೆಯ ಪಾಠ. 1936ರಲ್ಲಿ ರಜಾ ಶಾಹ ಆಧುನಿಕತೆಯ ಹೆಸರಿನಲ್ಲಿ ಪರದೆಯನ್ನು ನಿಷೇಧಿಸಿದನು. ಪೊಲೀಸರು ಬೀದಿಯಲ್ಲಿ ಮಹಿಳೆಯರ ಹೊದಿಕೆಯನ್ನು ಕಿತ್ತರು. ಅದಕ್ಕೆ ಹೆದರಿ ಅನೇಕರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ನಂತರ ಅದೇ ದೇಶದಲ್ಲಿ ಹಿಜಾಬ್ ಕಡ್ಡಾಯವಾಯಿತು. 2022ರ ಸೆಪ್ಟೆಂಬರಿನಲ್ಲಿ, ಹಿಜಾಬನ್ನು ಸರಿಯಾಗಿ ಧರಿಸಿಲ್ಲವೆಂದು ಬಂಧಿತಳಾದ 22 ವರ್ಷದ ಮಹಸಾ ಅಮಿನಿ ತೀರಿಕೊಂಡಾಗ ಸಾವಿರಾರು ಮಹಿಳೆಯರು ಬೀದಿಗಿಳಿದರು. ಒಂದು ಕಾಲದಲ್ಲಿ ತೆಗೆಯಬೇಕೆಂಬ ಆಜ್ಞೆ, ಇನ್ನೊಂದು ಕಾಲದಲ್ಲಿ ಹೊದೆಯಬೇಕೆಂಬ ಆಜ್ಞೆ. ಎರಡು ಕಾಲದಲ್ಲಿಯೂ ಇಲ್ಲದೆ ಹೋದದ್ದು ಅವಳ ಒಪ್ಪಿಗೆ.

ಅದೇ ವರ್ಷ ನೆರೆಯ ಕರ್ನಾಟಕದಲ್ಲಿ ನಡೆದುದನ್ನು ಗಡಿಯ ಈಚೆಗಿನ ಶಿಕ್ಷಕರು ಪತ್ರಿಕೆಗಳಲ್ಲಿ ದಿನವೂ ಓದಿದ್ದಾರೆ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಯಲ್ಲಿ ಆರಂಭವಾದ ವಿವಾದ ರಾಜ್ಯದ ತುಂಬ ಹರಡಿತು. 2022ರ ಫೆಬ್ರುವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲವೆಂದೂ ಸಮವಸ್ತ್ರದ ನಿಯಮ ನ್ಯಾಯಸಮ್ಮತ ನಿರ್ಬಂಧವೆಂದೂ ತೀರ್ಪಿತ್ತಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. ನ್ಯಾಯಮೂರ್ತಿ ಹೇಮಂತ ಗುಪ್ತ ಅವರು ಮೇಲ್ಮನವಿಗಳನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಇದು ಆಯ್ಕೆಯ ವಿಷಯವೆಂದೂ ಬಾಲಕಿಯರ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿ ಮೇಲಿದ್ದ ಪ್ರಶ್ನೆಯೆಂದೂ ಹೇಳಿ ಮೇಲ್ಮನವಿಗಳನ್ನು ಎತ್ತಿಹಿಡಿದರು. ವಿಷಯವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಲಾಯಿತು. ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿಯೇ ಇಬ್ಬರು ಬಲ್ಲವರು ಎರಡು ಬಗೆಯಾಗಿ ಕಂಡ ವಿಷಯವನ್ನು ಶಾಲೆಯ ಗೇಟಿನಲ್ಲಿ ಒಂದು ನಿಮಿಷದಲ್ಲಿ ಇತ್ಯರ್ಥಪಡಿಸಲು ಹೊರಡುವುದು ವಿವೇಕವಲ್ಲ.

ಮಹಾರಾಷ್ಟ್ರದಲ್ಲಿಯೂ ಪ್ರಶ್ನೆ ಎದ್ದಿದೆ. ಮುಂಬಯಿಯ ಚೆಂಬೂರಿನ ಕಾಲೇಜೊಂದು ಹಿಜಾಬ್, ನಿಖಾಬ್, ಬುರ್ಖಾ, ಟೋಪಿ, ಬ್ಯಾಜುಗಳನ್ನು ನಿಷೇಧಿಸಿದಾಗ ವಿದ್ಯಾರ್ಥಿನಿಯರು ನ್ಯಾಯಾಲಯಕ್ಕೆ ಹೋದರು. 2024ರ ಜೂನ್ 26ರಂದು ಮುಂಬಯಿ ಉಚ್ಚ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯ ಹಿಜಾಬ್, ಟೋಪಿ, ಬ್ಯಾಜುಗಳಿಗೆ ಸಂಬಂಧಿಸಿದ ಭಾಗಕ್ಕೆ ತಾತ್ಕಾಲಿಕ ತಡೆ ನೀಡಿತು. ತರಗತಿಯಲ್ಲಿ ಬುರ್ಖಾಕ್ಕೆ ಮಾತ್ರ ಅವಕಾಶ ಕೊಡಲಿಲ್ಲ. ಇದಕ್ಕೂ ಮೊದಲು 2016ರಲ್ಲಿ ಕೇರಳ ಉಚ್ಚ ನ್ಯಾಯಾಲಯ ವೈದ್ಯಕೀಯ ಪ್ರವೇಶ ಪರೀಕ್ಷೆಯ ಸಂದರ್ಭದಲ್ಲಿ ಸರಳವಾದ ದಾರಿಯೊಂದನ್ನು ತೋರಿಸಿತ್ತು. ತಲೆವಸ್ತ್ರ ಧರಿಸುವವರು ಮುಂಚಿತವಾಗಿ ಬಂದು ತಪಾಸಣೆಗೆ ಒಳಗಾಗಲಿ, ನಂತರ ಪರೀಕ್ಷೆ ಬರೆಯಲಿ ಎಂಬುದು ಅದರ ಇಂಗಿತ. ನಿಯಮದ ಉದ್ದೇಶವೂ ನೆರವೇರಿತು, ಹುಡುಗಿಯ ನಂಬಿಕೆಯೂ ಉಳಿಯಿತು.

ಈ ವಿವಾದದ ನಡುವೆ ಸಿಕ್ಕ ಬಾಲಕಿಯರು ಒಂದೇ ರೀತಿ ನಡೆದುಕೊಳ್ಳಲಿಲ್ಲ. ಬೆಂಗಳೂರಿನ ಒಬ್ಬ ವಿದ್ಯಾರ್ಥಿನಿ ತಂದೆತಾಯಿಗಳ ಸಲಹೆಯಂತೆ ತರಗತಿಯಲ್ಲಿ ಹಿಜಾಬ್ ತೆಗೆದಿರಿಸಿ ಓದನ್ನು ಮುಂದುವರಿಸಿದಳು. 2023ರ ದ್ವಿತೀಯ ಪಿಯುಸಿ ಪರೀಕ್ಷೆಯ ಕಲಾ ವಿಭಾಗದಲ್ಲಿ ರಾಜ್ಯಕ್ಕೇ ಮೊದಲಿಗಳಾದಳು. ಇನ್ನು ಕೆಲವರು ತೆಗೆಯಲಾರದೆ ಪರೀಕ್ಷೆಗಳನ್ನು ಕಳೆದುಕೊಂಡರು, ಕಾಲೇಜು ಬದಲಿಸಿದರು. ಮೊದಲಿನವಳನ್ನು ಹೊಗಳಿ ಉಳಿದವರನ್ನು ಹಳಿಯುವುದು ಸುಲಭ. ಆದರೆ ಅಂಕಗಳಿಗೂ ಅಂತಃಕರಣಕ್ಕೂ ನಡುವೆ ಆಯ್ದುಕೊ ಎಂದು ಹದಿನಾರು ವರ್ಷದ ಹುಡುಗಿಗೆ ಹೇಳುವ ಸ್ಥಿತಿ ಬರಬಾರದಿತ್ತು ಎಂಬುದನ್ನು ಶಿಕ್ಷಕನಾದವನು ಒಪ್ಪಿಕೊಳ್ಳಲೇಬೇಕು.

ಇದೇ ಮಾತನ್ನು ಕನ್ನಡದ ಹೆಸರಾಂತ ಲೇಖಕಿಯೊಬ್ಬರ ಬದುಕು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಹಾಸನದ ಬಾನು ಮುಷ್ತಾಕ್ ಅವರು ಬಾಲ್ಯದಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿದರು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತನ್ನು ಶಾಲೆ ಹಾಕಿತ್ತು. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಮೆಚ್ಚಿ ಮದುವೆಯಾದ ಮೇಲೆ ಬುರ್ಖಾ ಧರಿಸಿ ಮನೆಗೆಲಸದಲ್ಲಿರಬೇಕೆಂಬ ಒತ್ತಾಯ ಬಂದಾಗ ಅನುಭವಿಸಿದ ಸಂಕಟವನ್ನು ಅವರು ಹೇಳಿಕೊಂಡಿದ್ದಾರೆ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದುದಕ್ಕಾಗಿ 2000ರಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಎದುರಿಸಿದರು. ಅದೇ ಲೇಖಕಿ 2022ರ ವಿವಾದದಲ್ಲಿ, ಹಿಜಾಬ್ ಧರಿಸಿ ತರಗತಿಗೆ ಬರುವ ವಿದ್ಯಾರ್ಥಿನಿಯರ ಹಕ್ಕಿನ ಪರವಾಗಿ ನಿಂತರು. ಮೇಲುನೋಟಕ್ಕೆ ಇವೆರಡು ವಿರುದ್ಧ ನಿಲುವುಗಳೆಂದು ತೋರಬಹುದು. ನಿಜವಾಗಿ ಅವು ಒಂದೇ ನಿಲುವು. ಹೊದಿಸುವ ಕೈಯನ್ನೂ ಕಿತ್ತುಹಾಕುವ ಕೈಯನ್ನೂ ತಡೆದು, ನಿರ್ಧಾರವನ್ನು ಹೆಣ್ಣಿಗೇ ಬಿಡಬೇಕೆಂಬುದು ಆ ನಿಲುವು. 2025ರಲ್ಲಿ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ಆ ಹೆಮ್ಮೆಯ ಮೂಲದಲ್ಲಿ, ಉರ್ದು ಮಾತಿನ ಮನೆಯ ಬಾಲಕಿಗೆ ಬಾಗಿಲು ತೆರೆದ ಒಂದು ಕನ್ನಡ ಶಾಲೆಯಿದೆ.

ಕನ್ನಡದ ಇನ್ನೊಂದು ಗಡಿನಾಡು ಕಾಸರಗೋಡು. ಅಲ್ಲಿಯ ಚಂದ್ರಗಿರಿ ತೀರದಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ತಮ್ಮ ಸಮುದಾಯದಲ್ಲಿ ಶಾಲೆ ಓದಿದ ಮೊದಲ ಹೆಣ್ಣುಮಕ್ಕಳ ಸಾಲಿನವರು. ಅವರು ಓದಿದ್ದೂ ಕನ್ನಡ ಶಾಲೆಯಲ್ಲಿ. ಮುಂದೆ ಅವರು ಮುಸ್ಲಿಂ ಹೆಣ್ಣಿನ ನೋವನ್ನು ಒಳಗಿನಿಂದ ಬರೆದರು. ಅವಳ ಪರವಾಗಿ ಬೇರೆಯವರು ಮಾತನಾಡಬೇಕಾದ ಅಗತ್ಯ ಅಷ್ಟರ ಮಟ್ಟಿಗೆ ತಪ್ಪಿತು. ಓದು ಮಾಡುವ ಕೆಲಸ ಇದು. ಹೊದೆಯಬೇಕೋ ಬೇಡವೋ ಎಂಬುದನ್ನು ಸ್ವತಃ ಯೋಚಿಸಿ, ಮನೆಯವರೊಡನೆಯೂ ಊರಿನೊಡನೆಯೂ ವಾದಿಸಬಲ್ಲ ಶಕ್ತಿ ಹುಡುಗಿಗೆ ಬರುವುದು ಶಾಲೆಯಿಂದ. ಆದುದರಿಂದ ಅವಳನ್ನು ಶಾಲೆಯಿಂದ ಹೊರಗಿಟ್ಟು ಅವಳನ್ನು ಬಿಡುಗಡೆ ಮಾಡಿದೆವೆಂದು ಯಾರೂ ಹೇಳುವಂತಿಲ್ಲ.

ಸಾಂಗಲಿ ಜಿಲ್ಲೆಯ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಈ ವಿಷಯ ಇತರರಿಗಿಂತ ಬೇಗ ಅರ್ಥವಾಗಬೇಕು. ಮಹಾರಾಷ್ಟ್ರದಲ್ಲಿದ್ದು ಕನ್ನಡವೇಕೆ ಎಂಬ ಪ್ರಶ್ನೆಯನ್ನು ಅವರೂ ಅವರ ಮಕ್ಕಳೂ ಪೇಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಕೇಳಿಸಿಕೊಂಡಿದ್ದಾರೆ. ಸಂವಿಧಾನದ 29 ಮತ್ತು 30ನೆಯ ಅನುಚ್ಛೇದಗಳು ಭಾಷೆ ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಮತ್ತು ಶಾಲೆಗಳನ್ನು ನಡೆಸುವ ಹಕ್ಕನ್ನು ಅಲ್ಪಸಂಖ್ಯಾತರಿಗೆ ಕೊಟ್ಟಿವೆ. 350ಎ ಅನುಚ್ಛೇದ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ಕನ್ನಡ ಶಾಲೆ ನಿಂತಿರುವುದು ಈ ಆಧಾರದ ಮೇಲೆ. ಅದರ ಸಮೀಪದಲ್ಲಿಯೇ 25ನೆಯ ಅನುಚ್ಛೇದ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಅಂತಃಕರಣದ ಸ್ವಾತಂತ್ರ್ಯವನ್ನು ಕೊಡುತ್ತದೆ. ಭಾಷೆಯೂ ಉಡುಪೂ ಒಂದೇ ಅಲ್ಲ, ನಿಜ. ಆದರೆ ಬಹುಸಂಖ್ಯಾತರ ನಡುವೆ ಬೇರೆಯಾಗಿ ಕಾಣಿಸುವುದು ಎಂದರೇನು ಎಂಬುದನ್ನು ಬಲ್ಲವರು, ತಮ್ಮ ತರಗತಿಯಲ್ಲಿ ಇನ್ನೂ ಹೆಚ್ಚು ಬೇರೆಯಾಗಿ ಕಾಣುವ ಬಾಲಕಿಯನ್ನು ಅದೇ ಪ್ರಶ್ನೆಯಿಂದ ನೋಯಿಸಬಾರದು.

ಈಗ ತರಗತಿಯ ನಡವಳಿಕೆಯ ಕುರಿತು ಕೆಲವು ಮಾತುಗಳು.

ಬಾಲಕಿ ಮೊದಲ ದಿನ ತಲೆವಸ್ತ್ರ ಧರಿಸಿ ಬಂದಾಗ ಎಲ್ಲರ ಎದುರಿಗೆ ಕಾರಣ ಕೇಳಬಾರದು. ನಿನ್ನೆಯಂತೆಯೇ ಹೆಸರು ಹಿಡಿದು ಹಾಜರಿ ಕೂಗಿ, ನಿನ್ನೆಯಂತೆಯೇ ಪ್ರಶ್ನೆ ಕೇಳಬೇಕು. ಹೊಗಳುವುದೂ ಬೇಡ. ಹಿಜಾಬ್ ಧರಿಸಿದವಳನ್ನು ಸಂಸ್ಕಾರವಂತೆ ಎಂದು ಮೆಚ್ಚಿದರೆ, ಧರಿಸದೆ ಪಕ್ಕದಲ್ಲಿ ಕುಳಿತ ಅವಳ ಗೆಳತಿಗೆ ಪೆಟ್ಟು ಬೀಳುತ್ತದೆ.

ದೇಶದಲ್ಲಿ ಎಲ್ಲಿಯೋ ಏನೋ ನಡೆದಾಗ ಅವಳನ್ನು ಎಬ್ಬಿಸಿ ನಿಲ್ಲಿಸಿ ನಿಮ್ಮವರು ಏನೆನ್ನುತ್ತಾರೆ ಎಂದು ಕೇಳಬಾರದು. ಅವಳು ವಿದ್ಯಾರ್ಥಿನಿ, ಸಮುದಾಯದ ವಕ್ತಾರಳಲ್ಲ. ಸಹಪಾಠಿಗಳು ಚುಡಾಯಿಸಿದರೆ ಅಥವಾ ವಸ್ತ್ರವನ್ನು ಎಳೆದರೆ ಅದನ್ನು ಹುಡುಗಾಟವೆಂದು ಬಿಡದೆ ಆ ದಿನವೇ ತಿದ್ದಬೇಕು.

ಪ್ರಯೋಗಶಾಲೆಯಲ್ಲಿ ದೀಪ ಹಚ್ಚುವಾಗ, ಆಟದ ಮೈದಾನದಲ್ಲಿ ಓಡುವಾಗ ವಸ್ತ್ರದ ತುದಿಗಳನ್ನು ಒಳಗೆ ಸೇರಿಸಿಕೊಳ್ಳುವಂತೆ ಶಿಕ್ಷಕಿ ಮೆಲ್ಲಗೆ ಹೇಳಿಕೊಡಬೇಕು. ಉದ್ದ ಜಡೆಯವರಿಗೂ ದುಪಟ್ಟಾ ಹೊದ್ದವರಿಗೂ ಅದೇ ಎಚ್ಚರಿಕೆ ಅನ್ವಯಿಸುತ್ತದೆ. ಆಟದಿಂದ ಅವಳನ್ನು ಹೊರಗಿಡಲು ವಸ್ತ್ರ ನೆಪವಾಗಬಾರದು.

ಸಮವಸ್ತ್ರದ ವಿಷಯದಲ್ಲಿ ನಿಯಮಗಳಿದ್ದರೆ ಅವನ್ನು ಶಿಕ್ಷಕರು ಒಬ್ಬೊಬ್ಬರಾಗಿ ಜಾರಿಗೆ ತರಲು ಹೋಗದೆ ಮುಖ್ಯಾಧ್ಯಾಪಕರ ಮತ್ತು ಶಾಲಾ ವ್ಯವಸ್ಥಾಪನ ಸಮಿತಿಯ ಮುಂದಿಡಬೇಕು. ಆ ಸಭೆಗೆ ಬಾಲಕಿಯ ತಾಯಿಯನ್ನೂ ಕರೆಯಬೇಕು. ಸಮವಸ್ತ್ರದ ಬಣ್ಣದ್ದೇ ತಲೆವಸ್ತ್ರ ಎಂಬಂಥ ಒಪ್ಪಂದ ಶಾಂತವಾಗಿ ಕುಳಿತಾಗ ಹೊಳೆಯುತ್ತದೆ. ಗೇಟಿನ ಮುಂದೆ ಜನ ಸೇರಿದ ಮೇಲೆ ಹೊಳೆಯುವುದಿಲ್ಲ. ಮಾತುಕತೆ ಮುಗಿಯುವ ತನಕ ಪಾಠ ತಪ್ಪಬಾರದು.

ಬಲವಂತದ ಸಂಶಯ ಬಂದರೆ ಕಣ್ಣುಮುಚ್ಚಿ ಕುಳಿತುಕೊಳ್ಳಬಾರದು. ಗಮನಿಸಬೇಕಾದದ್ದು ವಸ್ತ್ರವನ್ನಲ್ಲ, ಮಗುವನ್ನು. ಮಾತು ಕಡಿಮೆಯಾಗಿದೆಯೇ, ಹಾಜರಿ ತಪ್ಪುತ್ತಿದೆಯೇ, ಮದುವೆಯ ಸುದ್ದಿ ಕಿವಿಗೆ ಬೀಳುತ್ತಿದೆಯೇ ಎಂಬುದನ್ನು ನೋಡಬೇಕು. ಅವಳಿಗೆ ನಂಬಿಕೆಯಿರುವ ಶಿಕ್ಷಕಿಯೊಬ್ಬರು ಏಕಾಂತದಲ್ಲಿ, ಹಿಜಾಬಿನ ಮಾತನ್ನೇ ಎತ್ತದೆ, ಹೇಗಿದ್ದೀಯವ್ವ ಎಂದು ಕೇಳಿದರೆ ಸಾಕು. ಹದಿನೆಂಟು ತುಂಬುವ ಮೊದಲು ಹುಡುಗಿಯ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧ. ಅಂಥ ಸುಳಿವು ಸಿಕ್ಕಾಗ ಸುಮ್ಮನಿರಲು ಶಿಕ್ಷಕರಿಗೆ ಅವಕಾಶವಿಲ್ಲ. ಈ ಮಾತು ಎಲ್ಲ ಧರ್ಮಗಳ ಬಾಲಕಿಯರಿಗೂ ಸಮಾನವಾದುದು. ಜತ್ತದ ಬರಗಾಲದ ವರ್ಷಗಳಲ್ಲಿ ಕಬ್ಬು ಕಡಿಯಲು ಹೋಗುವ ಮನೆಗಳ ಮಕ್ಕಳನ್ನು ಕಂಡ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಂದೆತಾಯಿಗಳೊಡನೆ ಮಾತನಾಡುವಾಗ ಧರ್ಮದ ಚರ್ಚೆ ಬೇಡ. ಹುಡುಗಿ ಗಣಿತದಲ್ಲಿ ಎಷ್ಟು ಚುರುಕಾಗಿದ್ದಾಳೆ, ಹತ್ತನೆಯ ತರಗತಿಯ ನಂತರ ಏನೇನು ಓದಬಹುದು, ಮಿರಜಿನ ದವಾಖಾನೆಗಳಲ್ಲಿ ದಾದಿಯಾಗಿಯೋ ಪ್ರಯೋಗಶಾಲೆಯ ತಂತ್ರಜ್ಞೆಯಾಗಿಯೋ ಹೇಗೆ ಕೆಲಸ ಪಡೆಯಬಹುದು ಎಂಬುದನ್ನು ಹೇಳಬೇಕು. ಮಗಳ ಮುಂದಿನ ದಾರಿ ಕಾಣಿಸಿದ ತಂದೆ, ಅವಳ ಉಡುಪಿನ ಕುರಿತು ನೆಂಟರು ಆಡುವ ಮಾತಿಗೆ ಕಡಿಮೆ ಕಿವಿಗೊಡುತ್ತಾನೆ.

ಮಾನ್ಯ ಶಿಕ್ಷಕರೇ, ಮುಸ್ಲಿಂ ಮಹಿಳೆಯರಿಗೆ ಹಿಜಾಬಿನ ಅರ್ಥವೇನು ಎಂಬ ಪ್ರಶ್ನೆಗೆ ಅವರೆಲ್ಲರ ಪರವಾಗಿ ಒಬ್ಬರೇ ಉತ್ತರ ಕೊಡಲು ಬರುವುದಿಲ್ಲ. ಉತ್ತರ ಅದನ್ನು ಧರಿಸಿದವಳ ಬಳಿಯಿದೆ. ಇಂದು ಹದಿಮೂರು ವರ್ಷದ ಹುಡುಗಿಗೆ ಆ ಉತ್ತರ ಪೂರ್ತಿಯಾಗಿ ತಿಳಿಯದೆಯೂ ಇರಬಹುದು. ಇಪ್ಪತ್ತಮೂರನೆಯ ವಯಸ್ಸಿಗೆ ಅವಳು ಅದನ್ನು ತನ್ನದೇ ಮಾತಿನಲ್ಲಿ ಹೇಳುವಂತಾಗಬೇಕಾದರೆ, ಮುಂದಿನ ಹತ್ತು ವರ್ಷ ಅವಳು ಓದುತ್ತಿರಬೇಕು. ವಸ್ತ್ರವನ್ನು ಉಳಿಸಿಕೊಳ್ಳುವಳೋ ತೆಗೆದಿಡುವಳೋ ಅದು ಅವಳಿಗೆ ಬಿಟ್ಟದ್ದು. ನಾಳೆ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳದಂತೆ ನೋಡಿಕೊಳ್ಳುವುದು ಶಿಕ್ಷಕರಿಗೆ ಬಿಟ್ಟದ್ದು.